ನೆಲದ ಕಣ್ಣು: ಬಿಸಿನೀರಿನ ಬುಗ್ಗೆ ಹೇಳುವ ಪಾಠ

(ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಉರ್ದು, ಕನ್ನಡ ಕಲಿಸುವವರಿಗೆ ಬಿಸಿನೀರಿನ ಬುಗ್ಗೆಯ ವಿಷಯ ಯಾಕೆ ಎಂದು ಕೆಲವರು ಯೋಚಿಸುತ್ತಿರಬಹುದು. ಹಾಗಾಗಿ ಒಂದು ಪದದಿಂದಲೇ ಆರಂಭಿಸುತ್ತೇನೆ. ಉರ್ದುವಿನಲ್ಲಿ ಚಿಲುಮೆಗೆ 'ಚಶ್ಮಾ' ಎನ್ನುತ್ತೇವೆ. ಕನ್ನಡಕಕ್ಕೂ ಅದೇ ಪದ. 'ಚಶ್ಮ್' ಎಂದರೆ ಕಣ್ಣು. ಅರಬ್ಬಿಯ 'ಐನ್' ಎಂಬ ಪದಕ್ಕೂ ಕಣ್ಣು, ಚಿಲುಮೆ ಎಂಬ ಎರಡೂ ಅರ್ಥಗಳಿವೆ. ನೆಲದ ಒಳಗೆ ಏನು ನಡೆಯುತ್ತಿದೆ ಎಂದು ನೋಡಲು ನಮಗೆ ಸಿಕ್ಕಿರುವ ಕಣ್ಣು ಚಿಲುಮೆ. ಅದರಲ್ಲೂ ಬಿಸಿನೀರಿನ ಚಿಲುಮೆ ಬಹಳ ಆಳದವರೆಗೆ ತೋರಿಸುತ್ತದೆ.

ನಮ್ಮ ಮಲೆನಾಡಿನ ಬಚ್ಚಲುಮನೆಯಲ್ಲಿ ನೀರು ಬಿಸಿಯಾಗಬೇಕಾದರೆ ಹಂಡೆ ಬೇಕು, ಅದರ ಕೆಳಗೆ ಒಲೆ ಬೇಕು. ಭೂಮಿಯ ಹಂಡೆಗೆ ಒಲೆ ಎಲ್ಲಿದೆ? ನೆಲದೊಳಗೆ ಇಳಿದಷ್ಟೂ ಶಾಖ ಹೆಚ್ಚುತ್ತದೆ. ಸಾಮಾನ್ಯವಾಗಿ ಒಂದು ಕಿಲೋಮೀಟರ್ ಆಳಕ್ಕೆ 25ರಿಂದ 30 ಡಿಗ್ರಿ ಸೆಲ್ಸಿಯಸ್ ಏರುತ್ತದೆ; ನಮ್ಮ ದಕ್ಷಿಣ ಭಾರತದಂತಹ ಹಳೆಯ ಬಂಡೆಯ ನೆಲದಲ್ಲಿ ಏರಿಕೆ ಇನ್ನೂ ನಿಧಾನ. ಮಳೆನೀರು ಬಂಡೆಯ ಬಿರುಕುಗಳಲ್ಲಿ ಆಳಕ್ಕೆ ಇಳಿದು, ಅಲ್ಲಿ ಕಾದು, ಇನ್ನೊಂದು ಬಿರುಕಿನ ಮೂಲಕ ತಣ್ಣಗಾಗುವ ಮೊದಲೇ ಮೇಲೆ ಬಂದರೆ ಅದೇ ಬಿಸಿನೀರಿನ ಬುಗ್ಗೆ.

ಇದಕ್ಕೆ ಉದಾಹರಣೆ ದೂರವಿಲ್ಲ. ಅಡ್ಡಗದ್ದೆಯಿಂದ ಘಟ್ಟ ಇಳಿದು ದಕ್ಷಿಣ ಕನ್ನಡಕ್ಕೆ ಹೋದರೆ ಪುತ್ತೂರು ತಾಲ್ಲೂಕಿನ ಇರ್ದೆಯಲ್ಲಿ ಬೆಂದ್ರು ತೀರ್ಥವಿದೆ. ತುಳುವಿನಲ್ಲಿ ಬೆಂದ್ರ್ ಎಂದರೆ ಬಿಸಿನೀರು. ಅಲ್ಲಿನ ನೀರಿನ ಶಾಖ 35ರಿಂದ 40 ಡಿಗ್ರಿಯ ಆಸುಪಾಸಿನಲ್ಲಿತ್ತೆಂದು ದಾಖಲಾಗಿದೆ. ಅಂದರೆ ಸ್ನಾನಕ್ಕೆ ಹದವಾದ ಬಿಸಿ. ಆದರೆ ಇರ್ದೆಯಲ್ಲಿ ಜ್ವಾಲಾಮುಖಿ ಇಲ್ಲ. ಮತ್ತೊಂದು ಕಡೆ ನೋಡಿ: ನೀವು ಶಾಲಾ ಪ್ರವಾಸಕ್ಕೆ ಹೋಗುವ ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬದಂತಹ ಕಲ್ಲುಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ ಲಾವಾ ಆರಿ ಉಂಟಾದವು. ಆ ಒಲೆ ಎಂದೋ ಆರಿಹೋಗಿದೆ. ಆದ್ದರಿಂದ ಬಿಸಿನೀರು ಕಂಡಲ್ಲೆಲ್ಲ ಜ್ವಾಲಾಮುಖಿ ಇರಬೇಕೆಂದಿಲ್ಲ. ಜ್ವಾಲಾಮುಖಿ ಇದ್ದಲ್ಲೆಲ್ಲ ಇಂದು ಬಿಸಿನೀರು ಸಿಗಬೇಕೆಂದೂ ಇಲ್ಲ.

ಒಲೆ ಇನ್ನೂ ಆರದೆ, ನೆಲಕ್ಕೆ ಹತ್ತಿರದಲ್ಲೇ ಇದ್ದರೆ ಏನಾಗುತ್ತದೆ? ಅದನ್ನು ನೋಡಲು ಅಮೆರಿಕದ ಯೆಲ್ಲೊಸ್ಟೋನ್‌ಗೆ ಹೋಗಬೇಕು. 1872ರಲ್ಲಿ ಅದನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದರು. ಅಲ್ಲಿ ಬಿಸಿನೀರಿನ ಬುಗ್ಗೆ, ಹಬೆಯ ಕಿಂಡಿ, ಚಿಮ್ಮುವ ಕಾರಂಜಿ, ಕೆಸರಿನ ಕೊಳ ಎಲ್ಲ ಸೇರಿ ಸುಮಾರು ಹತ್ತು ಸಾವಿರ ಇವೆ. ಕೆಸರಿನ ಕೊಳದ ಕಥೆ ಸ್ವಾರಸ್ಯವಾದದ್ದು. ಆಳದಿಂದ ಹಬೆಯ ಜೊತೆ ಕೊಳೆತ ಮೊಟ್ಟೆಯ ವಾಸನೆಯ ಗಂಧಕದ ಅನಿಲ ಬರುತ್ತದೆ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಅದನ್ನು ಗಂಧಕಾಮ್ಲವಾಗಿ ಮಾರ್ಪಡಿಸಲು ನೆರವಾಗುತ್ತವೆ. ಆ ಆಮ್ಲ ಗಟ್ಟಿ ಬಂಡೆಯನ್ನೇ ಕರಗಿಸಿ ಜೇಡಿಮಣ್ಣು ಮಾಡುತ್ತದೆ. ಕೆಳಗಿನಿಂದ ಹಬೆ ಉಕ್ಕಿದಾಗ ಕೆಸರು ಆಲೆಮನೆಯ ಕೊಪ್ಪರಿಗೆಯಲ್ಲಿ ಬೆಲ್ಲದ ಪಾಕ ಕುದಿದಂತೆ ಬೊಬ್ಬುಳಿ ಎದ್ದು 'ಪ್ಲಕ್' ಎಂದು ಒಡೆಯುತ್ತದೆ. ಮಳೆ ಹಿಮದ ಕಾಲಕ್ಕೆ ತೆಳುವಾಗಿ, ಒಣಗಾಲಕ್ಕೆ ಗಟ್ಟಿಯಾಗುತ್ತದೆ.

ನೋಡಲು ಚೆಂದವೆಂದು ಹತ್ತಿರ ಹೋಗುವಂತಿಲ್ಲ. ಸುತ್ತಲಿನ ನೆಲ ಹಪ್ಪಳದಷ್ಟು ತೆಳು, ಕೆಳಗೆ ಕುದಿಯುವ ನೀರು. ಯೆಲ್ಲೊಸ್ಟೋನ್‌ನ ಬುಗ್ಗೆಗಳಿಗೆ ಬಿದ್ದು ಅಥವಾ ಇಳಿದು 20ಕ್ಕೂ ಹೆಚ್ಚು ಜನ ಬೆಂದು ಸತ್ತಿದ್ದಾರೆ.

ಇಂತಹ ನೀರಿನಲ್ಲಿ ಯಾವ ಜೀವಿ ಬದುಕೀತು? ಬಹಳ ಜನ ಅದು ಸಾಧ್ಯವಿಲ್ಲವೆಂದೇ ನಂಬಿದ್ದರು. ಥಾಮಸ್ ಬ್ರಾಕ್ ಎಂಬ ವಿಜ್ಞಾನಿ ನಂಬಿ ಕೂರಲಿಲ್ಲ, ಹೋಗಿ ನೋಡಿದರು. 1966ರಲ್ಲಿ ಅವರೂ ಅವರ ವಿದ್ಯಾರ್ಥಿ ಹಡ್ಸನ್ ಫ್ರೀಜ್ ಅವರೂ ಅಲ್ಲಿನ ಬುಗ್ಗೆಯೊಂದರಿಂದ ನೀರು ತಂದು, 70 ಡಿಗ್ರಿ ಬಿಸಿಯಲ್ಲಿ ಸುಖವಾಗಿ ಬೆಳೆಯುವ ಬ್ಯಾಕ್ಟೀರಿಯಾವನ್ನು ಪತ್ತೆಮಾಡಿದರು. ಫ್ರೀಜ್ ಆಗಿನ್ನೂ ಪದವಿ ತರಗತಿಯ ಹುಡುಗ! 1969ರಲ್ಲಿ ಅದಕ್ಕೆ ಥರ್ಮಸ್ ಅಕ್ವಾಟಿಕಸ್ ಎಂದು ಹೆಸರಿಟ್ಟರು. ಅದನ್ನು ಬಚ್ಚಿಡದೆ, ಬೇರೆ ಸಂಶೋಧಕರೂ ತರಿಸಿಕೊಳ್ಳಬಹುದಾದ ಸಂಗ್ರಹಕ್ಕೆ ಒಪ್ಪಿಸಿದರು. ಆಗ ಅದರಿಂದ ಯಾರಿಗೂ ಒಂದು ಪೈಸೆಯ ಉಪಯೋಗ ಕಂಡಿರಲಿಲ್ಲ.

1983ರಲ್ಲಿ ಕ್ಯಾರಿ ಮುಲ್ಲಿಸ್ ಎಂಬುವರು ಒಂದಿಷ್ಟೇ ಡಿಎನ್‌ಎಯಿಂದ ಕೋಟಿಗಟ್ಟಲೆ ಪ್ರತಿ ತೆಗೆಯುವ ಪಿಸಿಆರ್ ವಿಧಾನ ಕಂಡುಹಿಡಿದರು. ಅದರಲ್ಲಿ ಪ್ರತಿ ಸುತ್ತಿನಲ್ಲೂ ದ್ರಾವಣವನ್ನು 95 ಡಿಗ್ರಿಯ ಹತ್ತಿರ ಕಾಯಿಸಬೇಕು. ಬಿಸಿಗೆ ಮೊಟ್ಟೆಯ ಬಿಳಿ ಕೆಡುವಂತೆ ಸಾಮಾನ್ಯ ಕಿಣ್ವ ಕೆಟ್ಟುಹೋಗುತ್ತಿತ್ತು. ಪ್ರತಿ ಸಲವೂ ಹೊಸದಾಗಿ ಹಾಕಬೇಕಿತ್ತು. ಆ ಬುಗ್ಗೆಯ ಬ್ಯಾಕ್ಟೀರಿಯಾದ ಕಿಣ್ವ ಮಾತ್ರ ಬಿಸಿಯನ್ನು ತಡೆದುಕೊಂಡಿತು. ಪಿಸಿಆರ್ ಎಲ್ಲ ಕಡೆ ಹಬ್ಬಿತು, 1993ರಲ್ಲಿ ಮುಲ್ಲಿಸ್ ಅವರಿಗೆ ನೊಬೆಲ್ ಬಂತು. 2020ರಲ್ಲಿ ಕೋವಿಡ್ ಬಂದಾಗ ನಮ್ಮ ಮೂಗು, ಗಂಟಲಿನಿಂದ ದ್ರವ ತೆಗೆದುಕೊಂಡು ಹೋದರಲ್ಲವೇ? ಆ ಆರ್‌ಟಿ-ಪಿಸಿಆರ್ ಪರೀಕ್ಷೆಯ ಹಿಂದೆ ಇದ್ದದ್ದು ಇದೇ ವಿಧಾನ. ಎಲ್ಲಿಯ ಯೆಲ್ಲೊಸ್ಟೋನ್, ಎಲ್ಲಿಯ ಕೊಪ್ಪ, ಶೃಂಗೇರಿ!

ವಿದ್ಯಾರ್ಥಿಗಳೇ, ತರಗತಿಯಲ್ಲಿ ಹೊಸ ವಿಷಯ ತೆಗೆದ ಕೂಡಲೇ ನಿಮ್ಮಿಂದ ಬರುವ ಮೊದಲ ಪ್ರಶ್ನೆ, "ಇದು ಪರೀಕ್ಷೆಗೆ ಬರುತ್ತದಾ?" ಮನೆಯಲ್ಲಿ ದೊಡ್ಡವರು ಕೇಳುವುದು, "ಇಷ್ಟು ಓದಿ ಏನು ಸಿಗುತ್ತದೆ?" ಇವೆರಡೂ ಒಂದೇ ಪ್ರಶ್ನೆ. ಆ ಪ್ರಶ್ನೆಗೆ ಕೂಡಲೇ ಉತ್ತರ ಸಿಗದೆ ಎಷ್ಟೋ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಎಸ್‌ಎಸ್‌ಎಲ್‌ಸಿಗೇ ಓದು ನಿಲ್ಲಿಸುತ್ತಾರೆ. ಪಾಲಕರ ಕಷ್ಟ ನನಗೆ ಗೊತ್ತು; ಬಸ್ಸಿನ ಖರ್ಚು, ಹಾಸ್ಟೆಲಿನ ಖರ್ಚು ಸುಳ್ಳಲ್ಲ. ಆದರೆ 1966ರಲ್ಲಿ ಆ ಹುಡುಗನ ತಂದೆ ಬಂದು "ಈ ಬಿಸಿನೀರಿನಿಂದ ಏನು ಸಿಗುತ್ತದೆ?" ಎಂದು ಕೇಳಿದ್ದರೆ ಬ್ರಾಕ್ ಅವರ ಬಳಿಯೂ ಉತ್ತರ ಇರುತ್ತಿರಲಿಲ್ಲ. ಉತ್ತರ ಬರಲು ಇಪ್ಪತ್ತು ವರ್ಷ ಹಿಡಿಯಿತು.

ಮಳೆನೀರು ಇಳಿದ ಕೂಡಲೇ ಬುಗ್ಗೆಯಾಗಿ ಬರುವುದಿಲ್ಲ. ಆಳಕ್ಕೆ ಇಳಿಯಬೇಕು, ಕಾಯಬೇಕು, ಮೇಲೆ ಬರಲು ದಾರಿಯೂ ಬೇಕು. ಇಳಿಯುವ ಕೆಲಸ ಮಕ್ಕಳದು. ದಾರಿ ಮುಚ್ಚದಂತೆ ನೋಡಿಕೊಳ್ಳುವುದು ಪಾಲಕರ, ಶಿಕ್ಷಕರ ಮತ್ತು ನಮ್ಮ ಸಂಘದ ಕೆಲಸ. ಮುಂದಿನ ಪ್ರವಾಸಕ್ಕೆ ಮಕ್ಕಳ ಕೈಗೆ ಒಂದು ನೋಟ್‌ಬುಕ್ಕು, ಒಂದು ಥರ್ಮಾಮೀಟರ್ ಕೊಡೋಣ. ಕಂಡದ್ದನ್ನು ಬರೆಯಲಿ, ಅಳೆಯಲಿ, ಪರೀಕ್ಷೆಗೆ ಬಾರದ ಪ್ರಶ್ನೆಗಳನ್ನೂ ಕೇಳಲಿ.