ಹೆಸರಿನ ಬೆನ್ನಿಗೆ ಬರುವ ಅಕ್ಷರಗಳು

ಹುನಗುಂದ ತಾಲೂಕಿನ ಐಹೊಳೆಗೆ ಹೋದವರು ಮೇಗುತಿ ಬಸದಿಯ ಗೋಡೆಯ ಮೇಲಿನ ಶಾಸನವನ್ನು ನೋಡಿರುತ್ತೀರಿ. ಕ್ರಿ.ಶ. 634-35ರಲ್ಲಿ ರವಿಕೀರ್ತಿ ರಚಿಸಿದ್ದು. ಬಾದಾಮಿಯ ಇಮ್ಮಡಿ ಪುಲಕೇಶಿ ನೂರಾರು ಹಡಗುಗಳೊಡನೆ ಪಡುಗಡಲಿನ ಪುರಿಯನ್ನು ಮುತ್ತಿದ ಸಂಗತಿ ಅದರಲ್ಲಿದೆ. ಅರಸನಿಗೆ ಸತ್ಯಾಶ್ರಯನೆಂಬ ಬಿರುದೂ ಉಂಟು. ಹಡಗು ನಡೆಸಿದವರ ಹೆಸರು ಮಾತ್ರ ಒಂದೂ ಇಲ್ಲ.

ಈಗಿನ ನೌಕಾಧಿಕಾರಿಗಳ ಪಾಡು ಹಾಗಲ್ಲ. ಹೆಸರೂ ಉಳಿಯುತ್ತದೆ, ಅದರ ಬೆನ್ನಿಗೆ ನಾಲ್ಕಾರು ಅಕ್ಷರಗಳೂ ಉಳಿಯುತ್ತವೆ. ಓದಲು ಬಾರದಿದ್ದರೆ ಅವೂ ಮೂಕವೇ. ಟೋಪತೆನಿ ಸೆರಗು ಕಂಡೊಡನೆ ಇದು ಇಳಕಲ್ ಸೀರೆ ಎನ್ನುತ್ತೀರಲ್ಲ, ಅಷ್ಟು ರೂಢಿಯಾದರೆ ಇವೂ ಸುಲಭ.

ಅಡ್ಮಿರಲ್ ಎಲ್. ರಾಮದಾಸ್ ಅವರು 1990ರಿಂದ 1993ರವರೆಗೆ ನೌಕಾಪಡೆಯ ಮುಖ್ಯಸ್ಥರಾಗಿದ್ದರು. ಅವರ ಹೆಸರಿನ ಮುಂದೆ ಪಿ.ವಿ.ಎಸ್.ಎಂ., ಎ.ವಿ.ಎಸ್.ಎಂ., ವಿ.ಆರ್.ಸಿ., ವಿ.ಎಸ್.ಎಂ. ಎಂದು ಬರೆಯುತ್ತಾರೆ. ಒಂದನೆಯದು ಪರಮ ವಿಶಿಷ್ಟ ಸೇವಾ ಪದಕ, ಎರಡನೆಯದು ಅತಿ ವಿಶಿಷ್ಟ, ಕೊನೆಯದು ಬರಿಯ ವಿಶಿಷ್ಟ. 1960ರಲ್ಲಿ ಹುಟ್ಟಿದಾಗ ಇವಕ್ಕೆ ಒಂದು, ಎರಡು, ಮೂರನೆಯ ದರ್ಜೆ ಎಂದೇ ಹೆಸರು. 1967ರಲ್ಲಿ ಹೆಸರು ಬದಲಾದವು. ಇವು ರಣರಂಗದ ಶೌರ್ಯಕ್ಕಲ್ಲ, ಸೇವೆಗೆ ಸಂದವು. ನಡುವೆ ನಿಂತ ವಿ.ಆರ್.ಸಿ.ಯೇ ವೀರ ಚಕ್ರ. 1971ರ ಯುದ್ಧದಲ್ಲಿ ಪೂರ್ವ ಸಮುದ್ರದಲ್ಲಿ ಬಿಯಾಸ್ ಹಡಗಿನ ಅಧಿಪತಿಯಾಗಿ ಗಳಿಸಿದ್ದು. ನಡುವಿನ 'ಆರ್' ಏಕೆಂದರೆ, ಬರಿಯ 'ವಿ.ಸಿ.' ಎಂದರೆ ವಿಕ್ಟೋರಿಯಾ ಕ್ರಾಸ್ ಆಗಿಬಿಡುತ್ತದೆ. ಶೌರ್ಯದ ಗುರುತು ಮೂರನೆಯ ಸ್ಥಾನಕ್ಕೆ ಸರಿದದ್ದೇಕೆ ಎನ್ನುತ್ತೀರಾ? ಸಾಲು ಕಟ್ಟುವುದು ಪದಕಗಳ ಅಂತಸ್ತಿನಂತೆ, ಬಂದ ವರ್ಷದಂತೆ ಅಲ್ಲ. ನನಗಂತೂ ಈ ಕ್ರಮ ಅಷ್ಟು ಒಪ್ಪಿಗೆಯಿಲ್ಲ.

ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರ ಹೆಸರಿಗೆ ಇರುವುದು ಎಂ.ವಿ.ಸಿ., ಅಂದರೆ ಮಹಾವೀರ ಚಕ್ರ. 1971ರ ಡಿಸೆಂಬರ್ 9ರಂದು ದೀವ್ ಬಳಿ ಖುಕ್ರಿ ಹಡಗು ಮುಳುಗಿದಾಗ ಅವರೂ ಅದರೊಡನೆ ಮುಳುಗಿದರು. ಆ ಮೂರು ಅಕ್ಷರಗಳನ್ನು ಅವರು ಕಾಣಲೇ ಇಲ್ಲ.

ಎಲ್ಲ ಅಕ್ಷರಗಳೂ ಬಿರುದಲ್ಲ, ಇಲ್ಲಿ ಎಡವುವವರು ಬಹಳ. ಹಳೆಯ ಭಾವಚಿತ್ರದಡಿ ಆರ್.ಐ.ಎನ್. ಎಂದಿದ್ದರೆ ರಾಯಲ್ ಇಂಡಿಯನ್ ನೇವಿ, ಅಂದರೆ ಪಡೆಯ ಹೆಸರು ಅಷ್ಟೆ. 1934ರಲ್ಲಿ ಬಂದ ಆ ಹೆಸರಿನಿಂದ 'ರಾಯಲ್' 1950ರ ಜನವರಿ 26ರಂದು ಬಿದ್ದುಹೋಯಿತು. ಹಾಗಾಗಿ ಚಿತ್ರದ ಕಾಲ ತಿಳಿಯಲು ಅದೊಂದು ಸುಳುವು. ಕೊನೆಗೆ ವಿ.ಆರ್. ಸೇರಿ ಆರ್.ಐ.ಎನ್.ವಿ.ಆರ್. ಎಂದಿದ್ದರೆ ಆತ ಸ್ವಯಂಸೇವಕ ಮೀಸಲು ದಳದವನು. ತೋಳಿನ ಪಟ್ಟಿಯನ್ನು ಭೂತಗನ್ನಡಿ ಹಿಡಿದು ನೋಡಿ. ನೆಟ್ಟಗಿರದೆ ಅಲೆಯಂತೆ ಡೊಂಕಾಗಿದ್ದೀತು.