ಓದಿ ಹೇಳುವ ಎರಡು ನಿಮಿಷ

ಪದವಿ ವಿದ್ಯಾರ್ಥಿಗಳು ಪೊಲೀಸ್ ಠಾಣೆಯಲ್ಲೇ ಕೆಲಸ ಕಲಿಯಲೆಂದು ಕೇಂದ್ರ ಸರ್ಕಾರ 2023ರಲ್ಲಿ ಒಂದು ಕಾರ್ಯಕ್ರಮ ತಂದಿತು; ಒಟ್ಟು 120 ಗಂಟೆ. ದೊಡ್ಡಬಳ್ಳಾಪುರದ ನೇಕಾರರ ಮನೆಯ ಹುಡುಗಿಯೊಬ್ಬಳು ಹಾಗೆ ಠಾಣೆಯ ಮೆಟ್ಟಿಲು ಹತ್ತಿದಳು ಅನ್ನಿ. ಮೊದಲ ದಿನಗಳು ಬರವಣಿಗೆ ನೋಡುವುದರಲ್ಲೇ ಕಳೆಯುತ್ತವೆ. ಮಗ್ಗದ ಮೋಟಾರು ಕಳವಾಯಿತೆಂದು ಬಂದ ಅಜ್ಜ ನಿಂತೇ ತಡವರಿಸುತ್ತಾರೆ. ದೂರು ಬರೆದುಕೊಳ್ಳುವ ರೈಟರ್ ಕುರ್ಚಿ ಎಳೆದು, “ಕೂತ್ಕೊಳ್ಳಿ ಯಜಮಾನ್ರೇ, ನಿಧಾನಕ್ಕೆ ಹೇಳಿ” ಅನ್ನುತ್ತಾರೆ.

ಬಾಯಲ್ಲಿ ಹೇಳಿದ ದೂರನ್ನು ಬರೆದುಕೊಂಡು, ಓದಿ ಹೇಳಿ, ಸಹಿ ಹಾಕಿಸಿಕೊಳ್ಳಬೇಕು. ಪ್ರತಿಯನ್ನು ಪುಕ್ಕಟೆ ಕೊಡಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಹೇಳುವುದು ಇದನ್ನೇ. ಆ ಓದಿ ಹೇಳುವ ಎರಡು ನಿಮಿಷ ನನಗೆ ಬಹಳ ದೊಡ್ಡದು. “ಇಲ್ಲ ಸ್ವಾಮಿ, ರಾತ್ರಿಯಲ್ಲ, ಬೆಳಗಿನ ಜಾವ” ಎಂದು ಅಜ್ಜ ತಿದ್ದುವುದು ಆಗಲೇ. ಹುಡುಗಿ ಸಂಜೆ ಮನೆಯಲ್ಲಿ ಈ ಕಲಂ ವಿಚಾರ ಹೇಳಲಿ, ಪಕ್ಕದ ಮಗ್ಗದವರಿಗೂ ಹೇಳಲಿ.