ಓದಿಸಿ, ಕೇಳಿ, ಒಪ್ಪಿ



ತಾಲ್ಲೂಕು ಕೋರ್ಟಿನ ವಕೀಲನೊಬ್ಬನನ್ನು ಈ ಸಮಾವೇಶದ ಅಧ್ಯಕ್ಷ ಪೀಠದಲ್ಲಿ ಕೂರಿಸಿದ್ದೀರಿ.

ನಮ್ಮ ಪತ್ರಗಳ ಕೊನೆಯಲ್ಲಿ ಒಂದು ಸಾಲು ತಪ್ಪದೆ ಇರುತ್ತದೆ: ‘ಓದಿಸಿ, ಕೇಳಿ, ಸರಿಯೆಂದು ಒಪ್ಪಿ ಸಹಿ ಮಾಡಿರುತ್ತೇನೆ.’ ಮೂವತ್ತು ವರ್ಷಗಳ ವೃತ್ತಿಯಲ್ಲಿ ಈ ಸಾಲನ್ನು ಸಾವಿರಾರು ಸಲ ಕಂಡಿದ್ದೇನೆ. ಅದರ ಕೆಳಗೆ ಹೆಬ್ಬೆಟ್ಟು ಒತ್ತಿದವರಲ್ಲಿ ಎಷ್ಟು ಜನಕ್ಕೆ ನಿಜವಾಗಿ ಓದಿ ಹೇಳಿದ್ದೆವು? ಇವತ್ತು ನಾನು ಮಾತಾಡಬೇಕೆಂದು ಬಂದಿರುವುದು ಈ ಒಂದು ಸಾಲಿನ ಬಗ್ಗೆ.

ಕೆಲವು ವರ್ಷಗಳ ಹಿಂದೆ ರೈತರೊಬ್ಬರು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದ ಕ್ರಯದ ಕರಾರೊಂದನ್ನು ತಂದರು. ಎರಡು ಎಕರೆಗೆ ಮುಕ್ಕಾಲು ಪಾಲು ಹಣ ಕೊಟ್ಟಿದ್ದರು. ಆರು ತಿಂಗಳೊಳಗೆ ನೋಂದಣಿ ಎಂದು ಬರೆದಿತ್ತು. ‘ಅವರೂ ನಮ್ಮೋರೇ ಸ್ವಾಮಿ, ಇವತ್ತು ನಾಳೆ ಅಂತಾ ಇದ್ರು’ ಎಂದರು. ಹಾಗೇ ಐದು ವರ್ಷ ಕಳೆದಿತ್ತು. ಕರಾರಿನಂತೆ ಕ್ರಯ ಮಾಡಿಸಿಕೊಡಿ ಎಂದು ದಾವೆ ಹೂಡಲು 1963ರ ಕಾಲಮಿತಿ ಕಾಯ್ದೆ ಕೊಡುವುದು ಮೂರೇ ವರ್ಷ: ಗೊತ್ತುಮಾಡಿದ ದಿನ ಇದ್ದರೆ ಆ ದಿನದಿಂದ, ಇಲ್ಲದಿದ್ದರೆ ಎದುರಿನವರು ಒಲ್ಲೆನೆಂದದ್ದು ತಿಳಿದ ದಿನದಿಂದ. ಅವರ ಕೈಯಲ್ಲಿ ಕಾಗದವಿತ್ತು, ಸಾಕ್ಷಿಗಳಿದ್ದರು, ನ್ಯಾಯವೂ ಅವರ ಕಡೆಗಿತ್ತು. ಕಾಲ ಮಾತ್ರ ಮೀರಿತ್ತು. ಸಹಿಯ ದಿನ ಯಾರಾದರೂ ಆ ಮೂರು ವರ್ಷದ ಮಾತು ಹೇಳಿದ್ದರೆ ಆ ಹಿರಿಯರು ನನ್ನೆದುರು ಕಣ್ಣೀರಿಡುತ್ತಿರಲಿಲ್ಲ.

ಕರಾರು ಕೈಗೆ ಬಂದರೆ ಜಮೀನೇ ಬಂತೆಂದು ನಂಬಿದವರು ಇನ್ನೂ ಇದ್ದಾರೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೇ ಕಲಮಿನಂತೆ, ಕ್ರಯದ ಕರಾರೊಂದರಿಂದಲೇ ಸ್ವತ್ತಿನಲ್ಲಿ ಹಕ್ಕು ಹುಟ್ಟದು. ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಬರೆಸಿಕೊಂಡರೆ ಸೈಟಿನ ಮಾಲೀಕತ್ವ ಬಾರದು ಎಂದು ಸುಪ್ರೀಂ ಕೋರ್ಟು 2011ರಲ್ಲೇ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಹೇಳಿದೆ. ಪಹಣಿ, ಖಾತೆಗಳಲ್ಲಿ ಹೆಸರು ಕೂತರೂ ಅವು ಕಂದಾಯದ ದಾಖಲೆಗಳು. ಹಕ್ಕಿಗೆ ಮೂಲಪತ್ರವನ್ನೇ ಹುಡುಕಬೇಕು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಕೊಂಡರೆ 1978ರ ನಮ್ಮ ರಾಜ್ಯದ ಕಾಯ್ದೆಯಡಿ ಆ ಕ್ರಯ ನಿಲ್ಲದು. ಹಿಂದೂ ಕುಟುಂಬದ ಪಿತ್ರಾರ್ಜಿತವಾದರೆ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಂತೆ ಹೆಣ್ಣುಮಕ್ಕಳಿಗೂ ಸಮಪಾಲು. ಅವರನ್ನು ಬಿಟ್ಟು ಪತ್ರ ಬರೆಸಿದವರು ಮೊಮ್ಮಕ್ಕಳ ಕಾಲದವರೆಗೂ ಕೋರ್ಟು ಅಲೆದದ್ದನ್ನು ನೋಡಿದ್ದೇನೆ.

ಬಾಡಿಗೆಯ ಮಾತಿಗೆ ಬರುತ್ತೇನೆ. ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯವಾದ್ದರಿಂದ ಹನ್ನೊಂದು ತಿಂಗಳ ಕರಾರು ವಾಡಿಕೆಯಾಯಿತು. ಅಂಗಡಿಯಲ್ಲಿ ಸಿಗುವ ಅಚ್ಚಾದ ನಮೂನೆಗೆ ಹೆಸರು ತುಂಬಿ ಸಹಿ ಹಾಕುತ್ತೇವೆ. ಅಡ್ವಾನ್ಸಿನಲ್ಲಿ ಸುಣ್ಣಬಣ್ಣಕ್ಕೆ ಎಷ್ಟು ಮುರಿಯಬಹುದು, ಮಧ್ಯದಲ್ಲಿ ಬಿಟ್ಟರೆ ಏನು ಎಂಬುದು ಖಾಲಿಯೇ ಉಳಿಯುತ್ತದೆ. ತಿಂಗಳ ಬಾಡಿಗೆದಾರರನ್ನು ಬಿಡಿಸಲು, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಹದಿನೈದು ದಿನದ ನೋಟಿಸು ಬೇಕು. ನೋಟಿಸು ಕೊಟ್ಟ ಮಾತ್ರಕ್ಕೆ ಬೀಗ ಜಡಿದು ಸಾಮಾನು ಬೀದಿಗೆಸೆಯುವ ಅಧಿಕಾರ ಯಾವ ಮಾಲೀಕರಿಗೂ ಇಲ್ಲ. ಹಾಗೆ ಹೊರಹಾಕಿಸಿಕೊಂಡವರು ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಕೇಳಬಹುದು.

ನನಗೆ ಹೆಚ್ಚು ಸಂಕಟ ತಂದಿರುವುದು ಭೋಗ್ಯ. ಮಗಳ ಮದುವೆಗೆ ಕೂಡಿಟ್ಟ ಲಕ್ಷಗಳನ್ನು ಮಾಲೀಕರ ಕೈಗಿಟ್ಟು, ಬಾಡಿಗೆಯಿಲ್ಲದೆ ಮೂರು ವರ್ಷ ಇರಬಹುದೆಂದು ಜನ ನೆಮ್ಮದಿಯಾಗಿರುತ್ತಾರೆ. ಒಂದು ದಿನ ಬಾಗಿಲಿಗೆ ಬ್ಯಾಂಕಿನ ನೋಟಿಸು ಅಂಟುತ್ತದೆ. ಮನೆ ಮೊದಲೇ ಸಾಲಕ್ಕೆ ಅಡಮಾನವಾಗಿರುತ್ತದೆ. ಭೋಗ್ಯಕ್ಕೆ ಹೋಗುವವರು ಋಣಭಾರ ಪತ್ರ ತೆಗೆಸಲಿ. ಅಷ್ಟೇ ಸಾಲದು, ಮೂಲ ಕ್ರಯಪತ್ರವನ್ನು ಕಣ್ಣಾರೆ ನೋಡಲಿ. ಜೆರಾಕ್ಸ್ ತೋರಿಸಿದರೆ ಮೂಲ ಎಲ್ಲಿದೆ ಎಂದು ಕೇಳಲಿ. ಭೋಗ್ಯಪತ್ರವನ್ನು ನೋಂದಾಯಿಸಿಕೊಳ್ಳಲಿ.

ಈ ಮಾತುಗಳನ್ನು ಯಾರು, ಎಲ್ಲಿ ಹೇಳಬೇಕು? ವಕೀಲ ಮಿತ್ರರೇ, ತಿಂಗಳಿಗೊಂದು ಶನಿವಾರ ನಮ್ಮ ಸಂಘದ ಕೋಣೆಯಲ್ಲಿ ಒಂದು ಮೇಜು ಹಾಕೋಣ. ಸಹಿಗೆ ಮುಂಚೆ ಯಾರೇ ಕಾಗದ ತಂದರೂ ಶುಲ್ಕವಿಲ್ಲದೆ ಓದಿ ಹೇಳೋಣ. ಪತ್ರಬರಹಗಾರರೇ, ಗಡುವು, ಮುಂಗಡ ಮತ್ತು ತಪ್ಪಿದರೆ ಏನೆಂಬ ಷರತ್ತು, ಈ ಮೂರನ್ನಾದರೂ ಮನೆಮಾತಿನ ಕನ್ನಡದಲ್ಲಿ ಬರೆಯಿರಿ. ಸ್ವಯಂಸೇವಕರೇ, 1987ರ ಕಾನೂನು ಸೇವೆಗಳ ಕಾಯ್ದೆಯಡಿ ಮಹಿಳೆಯರಿಗೆ, ಪರಿಶಿಷ್ಟರಿಗೆ, ಅಂಗವಿಕಲರಿಗೆ ವರಮಾನ ನೋಡದೆ ಉಚಿತ ವಕೀಲರು ಸಿಗುತ್ತಾರೆ ಎಂಬುದನ್ನೂ 15100 ಎಂಬ ಸಹಾಯವಾಣಿ ಸಂಖ್ಯೆಯನ್ನೂ ಮನೆಮನೆಗೆ ಮುಟ್ಟಿಸಿ. ವ್ಯಾಜ್ಯ ಹುಟ್ಟಿಯೇಬಿಟ್ಟರೆ ಲೋಕ ಅದಾಲತ್ತಿನ ಬಾಗಿಲು ತೋರಿಸಿ. ಅಲ್ಲಿ ಆದ ರಾಜಿಗೆ ಸಿವಿಲ್ ಕೋರ್ಟಿನ ಡಿಕ್ರಿಯ ಬಲವಿದೆ, ಅದರ ಮೇಲೆ ಮೇಲ್ಮನವಿಯಿಲ್ಲ.

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂದು ನಮ್ಮ ಹಿರಿಯರು ಅನುಭವದಿಂದ ಹೇಳಿದರು. ಆ ಗಾದೆಯನ್ನು ಪೂರ್ತಿ ಸುಳ್ಳಾಗಿಸುವುದು ನಮ್ಮ ಕೈಯಲ್ಲಿಲ್ಲ. ಆದರೆ ‘ಓದಿಸಿ, ಕೇಳಿ, ಒಪ್ಪಿ’ ಎಂಬ ಸಾಲನ್ನು ನಿಜವಾಗಿಸುವುದು ನಮ್ಮ ಕೈಯಲ್ಲಿದೆ. ಸೋಮವಾರ ನಿಮ್ಮೆದುರಿಗೆ ಬರುವ ಮೊದಲ ಕಾಗದವನ್ನು ಗಟ್ಟಿಯಾಗಿ ಓದಿ ಹೇಳಿ, ಆಮೇಲೆ ಪೆನ್ನು ಕೊಡಿ.